ಏಣಿ ಹಿಡಿದ ಪ್ರಧಾನಿ

ಅಕ್ಕಾ,

ಬಂದು ತಲುಪಿದೆ. ಚೆನ್ನಾಗಿದ್ದೇನೆ, ಸುಸ್ತಷ್ಟೇ. ಪ್ರಧಾನಿ ಕಚೇರಿಯ ಗೋಡೆಗೆ ಇದುವರೆಗಿನ ಪ್ರಧಾನಿಗಳ ಹೆಸರಿನ ದೊಡ್ಡ ಹಲಗೆ ಹಾಕಿದ್ದಾರೆ. ಅದರ ಮೇಲೆ ಬರೆಯುವುದೇ ನನಗೆ ಸಿಕ್ಕ ಕೆಲಸ. ಒಬ್ಬರು ಹದಿನೇಳು ವರ್ಷ ಆಳಿದ್ದಾರೆ, ಇನ್ನೊಬ್ಬರು ಹದಿಮೂರೇ ದಿನ. ಮೊನ್ನೆಯಷ್ಟೇ ಬಹುಮತ ಕಳೆದುಕೊಂಡು ರಾಜೀನಾಮೆ ಕೊಟ್ಟ ಪ್ರಧಾನಿಯ ಕೊನೆಯ ತಾರೀಕನ್ನು ನಿನ್ನೆ ಬರೆಯುತ್ತಿದ್ದೆ. ಏಣಿ ಅಲ್ಲಾಡಿತೆಂದು ಕೆಳಗೆ ನೋಡಿದರೆ, ಅವರೇ ಬಂದು ಹಿಡಿದು ನಿಂತಿದ್ದಾರೆ!

“ಬಿಡಿ ಸಾರ್, ಮೈಮೇಲೆ ಬಣ್ಣ ಬೀಳುತ್ತೆ,” ಎಂದೆ.

“ಬೀಳ್ಲಿ ಬಿಡಪ್ಪ. ಇವತ್ತು ನನಗೆ ಬೇರೆ ಕೆಲಸ ಇಲ್ಲ,” ಎಂದರು.

ಬರೆದು ಮುಗಿಸುವವರೆಗೂ ಕೈ ತೆಗೆಯಲಿಲ್ಲ. ನಾನೇ ಮತ್ತೆ ಮತ್ತೆ ಕೆಳಗೆ ನೋಡುತ್ತಾ ಒಂದು ಅಂಕೆ ಸೊಟ್ಟಗೆ ಬರೆದೆ.

ಭುಜದ ನೋವು ಹಾಗೇ ಇದೆ, ಅಮ್ಮನಿಗೆ ಹೇಳಬೇಡ. ಹೊಸಬರ ಹೆಸರು ಬರೆಯಲು ಕೂಗುತ್ತಿದ್ದಾರೆ, ಹೊರಟೆ.

ನಿನ್ನ ತಮ್ಮ