ಮಾರುತಿಯ ಪಂಪಿಗೆ ನಾನೂರು ಅಂಗಡಿ

ವಚನಾ,

ನಿನ್ನ ಗಂಡ ನಿನ್ನೆ ಒಂದೇ ಮಧ್ಯಾಹ್ನ ಕಾಮಾಕ್ಷಿಪಾಳ್ಯದ ನಾನೂರು ಅಂಗಡಿ ಹತ್ತಿ ಇಳಿದಿದ್ದಾನೆ. ನಿಮ್ಮಪ್ಪನ ಹಳೇ ಮಾರುತಿಗೆ ಫ್ಯೂಯೆಲ್ ಪಂಪ್ ಎಲ್ಲೂ ಇಲ್ಲ. ಎಲ್ಲರದ್ದೂ ಒಂದೇ ರಾಗ: "ಕಾರ್ಬೊರೇಟರ್ ಗಾಡಿನಾ ಸಾರ್? ಹಳೇ ಪೀಸ್ ತನ್ನಿ, ನೋಡೋಣ." ಅದನ್ನೇ ಚೀಲಕ್ಕೆ ಹಾಕಿಕೊಂಡು ಮತ್ತೆ ಹೊರಟಿದ್ದಾನೆ.

ನಾಳೆ ಅತ್ತೆಯನ್ನು ಕಣ್ಣಿನ ಆಪರೇಷನ್ನಿಗೆ ಅದೇ ಕಾರಲ್ಲಿ ಕರೆದೊಯ್ಯಬೇಕು. ಗೊತ್ತಿದೆ, ಫೋನ್ ಮಾಡಿ ಮತ್ತೆ ಹೇಳಬೇಡ.

ಸಿಂಕಿನಲ್ಲಿರುವ ಸ್ಪ್ಯಾನರ್ ಮುಟ್ಟಬೇಡ. ಮೆಕ್ಯಾನಿಕ್ ಮುನಿರಾಜು ಬಂದರೆ ಕಾಫಿ ಕೊಡು, ಮಾತಿಗೆ ಕೂರಿಸಬೇಡ.

ಹೋಗಲಿ, ಅವನು ಹೇಗೂ ಹೇಳುತ್ತಾನೆ. ನಿನ್ನೆ ಸಂಜೆ ಕೇಳಿದ, "ಬಿಚ್ಚೋಕೆ ಮುಂಚೆ ಟ್ಯಾಂಕಲ್ಲಿ ಪೆಟ್ರೋಲ್ ನೋಡಿದ್ರಾ ಸಾರ್?" ಇರಲಿಲ್ಲ ಕಣೇ. ಪಂಪ್ ಚೆನ್ನಾಗಿಯೇ ಇತ್ತು, ಬಿಚ್ಚಿ ರಬ್ಬರ್ ಹರಿದಿದ್ದು ನಾನೇ.

ನಾಳೆಗೆ ಆಟೋ ಹೇಳಿಡು. ಅಂಗಡಿಯೂ ನಾನೂರಲ್ಲ, ಎರಡು.

ಗಿರಿ