ಗುರುಬಸವ್ವನ ಬೆರಳಿಗೆ ಎಳೆತ ತಿಳಿದದ್ದು

ಬಾಗಲಕೋಟೆ, ಇಸವಿ ೨೨೧೪, ಹದಿಮೂರನೆಯ ತಿಂಗಳ ಆರನೆಯ ದಿನ

ಎರಡು ಶತಮಾನಗಳ ಹಿಂದಿನ ಹಿರಿಯರೇ,

ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ತಿಂಗಳುಗಳನ್ನು ಗಿಡ್ಡ ಮಾಡಿ, ಕಡುಬೇಸಿಗೆಗೆಂದೇ ನಾವು ಇನ್ನೊಂದನ್ನು ಸೇರಿಸಿದ್ದೇವೆ, ಅದು ಬಿಸಿಲುಮಾಸ. ಆಗ ಊರೆಲ್ಲ ಬೆಳಿಗ್ಗೆಯೇ ಕೆಲಸ ಮುಗಿಸಿ, ನೆಲದಡಿಯ ತಂಪುಮನೆಗಳಿಗೆ ಇಳಿಯುತ್ತದೆ. ನಾನು ಅರಿಗೈ ತಯಾರಿಸುವವಳು. ಅರಿಗೈ ಎಂದರೆ ಕೈ ಕಳೆದುಕೊಂಡವರಿಗೆ ಜೋಡಿಸುವ, ಮುಟ್ಟಿದ್ದು ತಿಳಿಯುವ ಕೈ.

ಗುಳೇದಗುಡ್ಡದಲ್ಲಿ ರವಿಕೆಯ ಖಣ ನೇಯುವ ಗುರುಬಸವ್ವ ಒಂದು ದಿನ ಬಂದು, ತಮ್ಮ ಅರಿಗೈ ಬಿಚ್ಚಿ ನನ್ನ ಮೇಜಿನ ಮೇಲಿಟ್ಟರು.

“ಇದನ್ನ ನೀನ ಇಟ್ಕೋ ತಂಗಿ. ಎಳಿ ಜಗ್ಗಿದ್ರೂ ಒಂದ, ಒತ್ತಿದ್ರೂ ಒಂದ ಅನಸ್ತೈತಿ. ಎಷ್ಟ ಎಳಿ ಹರದಾವು! ನಾ ಇನ್ನ ಮಗ್ಗ ಬಿಡಾಕಿ.”

“ಸ್ವಲ್ಪ ತಡೀರಿ ಯವ್ವಾ, ನೋಡತೇನಿ,” ಎಂದೆ.

ಅದುವರೆಗಿನ ಅರಿಗೈಗಳು ವಸ್ತು ಹಿಡಿಯುವುದಕ್ಕಷ್ಟೇ ಇದ್ದವು. ಮಗ್ಗಕ್ಕೆ ಹೋದ ಮೊದಲನೆಯದು ಅದೇ. ಬೆರಳೊಳಗೆ ನಿಮ್ಮ ಕಾಲದ್ದೇ ಸೇತುವೆ ಸರ್ಕ್ಯೂಟ್: ಚೌಕವಾಗಿ ಜೋಡಿಸಿದ ನಾಲ್ಕು ರೆಸಿಸ್ಟರುಗಳು. ಬೆರಳು ಸುಮ್ಮನಿದ್ದರೆ ಎರಡೂ ಬದಿ ಸಮ, ಹೊರಬರುವ ವೋಲ್ಟೇಜ್ ಸೊನ್ನೆ. ಎಳೆತಕ್ಕೆ ಹಿಗ್ಗಿದರೆ ಒಂದು ರೆಸಿಸ್ಟರಿನ ಬೆಲೆ ಏರುತ್ತದೆ, ಒತ್ತಡಕ್ಕೆ ಕುಗ್ಗಿದರೆ ಇಳಿಯುತ್ತದೆ, ಸಮತೋಲ ತಪ್ಪುತ್ತದೆ. ಕಂಪ್ಯೂಟರಿನಲ್ಲಿ ಅದರ ಪ್ರತಿರೂಪ ಕಟ್ಟಿ, ಎಸಿ ಅಲೆ ಹಾಯಿಸಿ, ಆ ಬೆಲೆಯನ್ನು ಏರಿಸಿ ಇಳಿಸಿ ನೋಡಿದೆ. ಸೇತುವೆ ಸುಳ್ಳು ಹೇಳುತ್ತಿರಲಿಲ್ಲ. ಎಳೆದಾಗ ಹೊರಬಂದ ಅಲೆ ಮೂಲ ಅಲೆಯ ಜೊತೆಗೇ ಏಳುತ್ತಿತ್ತು, ಒತ್ತಿದಾಗ ತದ್ವಿರುದ್ಧವಾಗಿ. ಆದರೆ ಮುಂದಿದ್ದ ರೆಕ್ಟಿಫೈಯರ್ ಕೆಳಗಿನ ಅರ್ಧವನ್ನೆಲ್ಲ ಮೇಲಕ್ಕೆ ಮಗುಚಿ, ಎರಡನ್ನೂ ಒಂದೇ ಮಾಡಿಬಿಡುತ್ತಿತ್ತು. ಗುರುಬಸವ್ವನಿಗೆ ಅನಿಸಿದ್ದೂ ಅದೇ.

ಮೂಲ ಅಲೆಯ ತಾಳಕ್ಕೇ ತಿರುಗುವ ಸ್ವಿಚ್ಚುಗಳಿರುವ ರೆಕ್ಟಿಫೈಯರ್ ಹಾಕಿದೆ. ಪರದೆಯ ಮೇಲೆ ಎಳೆತ ಸೊನ್ನೆಯ ಮೇಲಕ್ಕೆ ಹೋಯಿತು, ಒತ್ತಡ ಕೆಳಕ್ಕೆ. ಖುಷಿಗೆ ಮೇಜು ಕುಟ್ಟಿದೆ.

ಅದನ್ನೇ ಅರಿಗೈಯೊಳಗೂ ಕೂರಿಸಿ, ಗುಳೇದಗುಡ್ಡಕ್ಕೆ ನಾನೇ ಹೋಗಿ ಕೈ ಜೋಡಿಸಿದೆ. ಗುರುಬಸವ್ವ ಕಣ್ಣು ಮುಚ್ಚಿ ಒಂದು ರೇಷ್ಮೆ ಎಳೆ ಹಿಡಿದರು.

“ಜಗ್ಗಾಕತ್ತೈತಿ ತಂಗಿ! ಎಳಿ ನನ್ನ ಜಗ್ಗಾಕತ್ತೈತಿ!”

ಬಹಳ ಹೊತ್ತು ನೇಯ್ದರು, ಎಳೆ ಹರಿಯಲಿಲ್ಲ. ನಾನು ಚೀಲ ಎತ್ತಿಕೊಂಡಾಗ ಅದೇ ಕೈಯಿಂದ ನನ್ನ ಮಣಿಕಟ್ಟು ಹಿಡಿದು, ಮೆಲ್ಲಗೆ ತಂಪುಮನೆಯತ್ತ ಎಳೆದರು. “ಉಣ್ಣದ ಹೆಂಗ ಹೋಗ್ತಿ?”

ಹಿರಿಯರೇ, ನಿಮ್ಮಲ್ಲಿ ಯಾರೋ ಈ ಹೊತ್ತು ಇಂಥದೇ ಸರ್ಕ್ಯೂಟ್ ಹರಡಿಕೊಂಡು, ಇದರಿಂದ ಯಾರಿಗೇನು ಪ್ರಯೋಜನ ಎಂದು ಬೇಸತ್ತು ಕೂತಿರಬಹುದು. ದಯವಿಟ್ಟು ಬಿಡಬೇಡಿ. ಅದನ್ನು ತೊಡುವವರು ಇನ್ನೂ ಹುಟ್ಟಿಲ್ಲ, ಅಷ್ಟೇ.

ನಿಮ್ಮ ಮರಿಮಕ್ಕಳ ಮರಿಮಗಳು,
ಹಸೀನಾ ನದಾಫ