ಮೈಗೆ ಸರಿಯಾಗಿದ್ದ ಅಂಗಿ

ಮಂಗಳವಾರ, ಅಂಗಡಿಯಿಂದ

ಮುದ್ದು ಪುಟ್ಟಿಗೆ,

ಅದೇ ನಾನು ಹೇಳುತ್ತಿದ್ದದ್ದು. ನಿನ್ನೆ ನೀನು ಕುಕ್ಕರ್ ಕೂಗಿತು ಅಂತ ಫೋನ್ ಇಟ್ಟೆಯಲ್ಲ, ಅಲ್ಲಿಗೇ ಮಾತು ನಿಂತಿತು. ಫೋನಿನಲ್ಲಿ ನೀನು ನನ್ನನ್ನು ಮಾತಾಡಲು ಬಿಡುವುದಿಲ್ಲ, ಥೇಟ್ ನಿನ್ನಮ್ಮನೇ. ಕಾಗದ ನಡುವೆ ಬಾಯಿ ಹಾಕುವುದಿಲ್ಲ. ಪೇಪರ್ ಈಸ್ ಎ ಗುಡ್ ಲಿಸನರ್. ಎರಡು ವರ್ಷ ಕಾಲೇಜಿಗೆ ಮಣ್ಣು ಹೊತ್ತು ಕಲಿತ ಇಂಗ್ಲಿಷಿನಲ್ಲಿ ಇಂಥ ಚೂರುಪಾರುಗಳೇ ಉಳಿದಿವೆ.

ಹೋದ ತಿಂಗಳು ನಿಮ್ಮ ಶಾಲೆಯಲ್ಲಿ ಟೀಚರುಗಳಿಗೆಲ್ಲ ತಪಾಸಣೆ ಮಾಡಿದಾಗ ನಿನಗೂ ಬಿ.ಪಿ. ಇದೆ ಎಂದು ಗೊತ್ತಾಯಿತು. ಬಿ.ಪಿ. ಕಿಡ್ನಿಯನ್ನು ತಿನ್ನುತ್ತದೆ, ರಕ್ತ ಪರೀಕ್ಷೆ ಮಾಡಿಸು ಅಂದರೆ, "ಅಪ್ಪಾ, ನಿಂದು ಇಪ್ಪತ್ತು ವರ್ಷದ ಬಿ.ಪಿ. ನಿನ್ನ ಕಿಡ್ನಿನೇ ಗಟ್ಟಿಮುಟ್ಟಾಗಿದೆ, ನಂದಕ್ಕೇನು ಧಾಡಿ?" ಅಂದೆ. ನಾನೂ ಜಂಬದಿಂದ ಹೂಂಗುಟ್ಟಿದೆ. ಕಿಡ್ನಿಯ ಗುಟ್ಟು ಹೇಳುವ ರಕ್ತದ ಅಂಕಿ, ನನ್ನ ಕ್ರಿಯಾಟಿನಿನ್, ನಾರ್ಮಲ್ ಎಂದು ಬೀದಿಗೆಲ್ಲ ಸಾರಿದವನು ನಾನೇ ತಾನೆ?

ಆ ಮಾತನ್ನು ಈಗ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ.

ಹೋದ ವಾರ ಮಾತ್ರೆ ಬರೆಸಲು ಹೋಗಿದ್ದೆ. ಹಳೆಯ ಡಾಕ್ಟರು ರಜೆ, ಬದಲಿಗೆ ನಿನ್ನ ವಯಸ್ಸಿನ ಡಾಕ್ಟರಮ್ಮ. ತೋಳಿಗೆ ಬಿ.ಪಿ. ಪಟ್ಟಿ ಸುತ್ತಿದರು, ಸುತ್ತಿದಷ್ಟೂ ಉಳಿಯಿತು. "ಯಜಮಾನ್ರೇ, ತುಂಬ ಇಳಿದುಹೋಗಿದ್ದೀರಲ್ಲ?" ಅಂದರು. "ಎಲ್ಲಿ ತಾಯಿ? ಅಂಗಿ ನೋಡಿ, ಅಚ್ಚು ಹೊಯ್ದ ಹಾಗೆ ಕೂತಿದೆ," ಅಂದೆ. "ಹೊಲಿದದ್ದು ಯಾರು?" "ನಾನೇ! ಟೈಲರ್ ಅಲ್ವೇ!" ಇಬ್ಬರೂ ನಕ್ಕೆವು. ಆಮೇಲೆ ಅವರು ಅಂಗಿಯ ಅಂಚು ಮಗುಚಿ ಪಕ್ಕದ ಹೊಲಿಗೆ ನೋಡಿದರು. ಅವರ ನಗು ನಿಂತಿತು.

ಪುಟ್ಟಿ, ಒಳಗೆ ಸಾಲಿನ ಮೇಲೆ ಸಾಲು ಹೊಲಿಗೆ. ನಿನ್ನಮ್ಮ ಹೋದ ಮೇಲೆ ಒಬ್ಬನಿಗಾಗಿ ಒಲೆ ಹಚ್ಚಲು ಮನಸ್ಸಾಗದೆ ಟೀ, ಬ್ರೆಡ್ಡಿನಲ್ಲೇ ದಿನ ದೂಡಿದೆ. ಅಂಗಿ ದೊಗಲೆಯಾದಾಗಲೆಲ್ಲ ಒಂದಿಷ್ಟು ಒಳಗೆ ಹಿಡಿದು ಹೊಲಿದುಕೊಂಡೆ. ದೊಗಲೆ ಅಂಗಿಯ ಟೈಲರ್ ಹತ್ತಿರ ಯಾವ ಗಿರಾಕಿ ಬರುತ್ತಾನೆ, ಹೇಳು? ಕನ್ನಡಿಯಲ್ಲಿ ಅಂಗಿ ಸರಿಯಾಗಿತ್ತು. ಒಳಗಿದ್ದವನು ಕರಗಿದ್ದು ಕಾಣಲಿಲ್ಲ.

ಡಾಕ್ಟರಮ್ಮ ಬಿಡಿಸಿ ಹೇಳಿದರು. ಕ್ರಿಯಾಟಿನಿನ್ ಹುಟ್ಟುವುದು ಮಾಂಸಖಂಡದಿಂದ. ಮೈಯಲ್ಲಿ ಮಾಂಸವೇ ಕಡಿಮೆಯಾದರೆ ಅದೂ ಕಡಿಮೆ ಹುಟ್ಟುತ್ತದೆ. ಕಿಡ್ನಿ ಸೋತಿದ್ದರೂ ಅಂಕಿ ಚೆನ್ನಾಗಿಯೇ ಕಾಣಬಹುದು. ಅದಕ್ಕೇ ಸಿಸ್ಟಾಟಿನ್ ಸಿ ಅಂತ ಇನ್ನೊಂದು ರಕ್ತ ಪರೀಕ್ಷೆ ಬರೆದರು, ಅದಕ್ಕೆ ಮಾಂಸಖಂಡದ ಹಂಗು ಅಷ್ಟಿಲ್ಲವಂತೆ. ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿದೆಯೇ ಎಂದೂ ನೋಡಬೇಕಂತೆ. ದೇರ್‌ಫೋರ್, ನನ್ನ ನಾರ್ಮಲ್ಲು ನಾರ್ಮಲ್ಲೇ ಅಲ್ಲದಿರಬಹುದು. ಉತ್ತರ ಇನ್ನೂ ಬರಬೇಕು. ಬಂದಾಗ ನೋಡೋಣ, ನನ್ನ ಚಿಂತೆ ಬಿಡು.

ನನಗೆ ಹೆದರಿಕೆಯಿರುವುದು ನಿನ್ನದೇ. ನೀನೂ ನನ್ನ ಹಾಗೆ ಕಡ್ಡಿ. ನನ್ನ ಅಂಕಿ ನೋಡಿ ನೀನು ಧೈರ್ಯ ತಂದುಕೊಳ್ಳಬೇಡ ಮಗಳೇ. ರಕ್ತದ ಆ ಇನ್ನೊಂದು ಪರೀಕ್ಷೆ, ಮೂತ್ರದ ಪರೀಕ್ಷೆ, ಎರಡೂ ಬೇಕೇ ಎಂದು ಬಾಯಿಬಿಟ್ಟು ಕೇಳು. ತಲೆನೋವೆಂದು ದಿನಾ ನುಂಗುತ್ತೀಯಲ್ಲ ನೋವಿನ ಮಾತ್ರೆ, ಅದೂ ಕಿಡ್ನಿಗೆ ಪೆಟ್ಟಂತೆ, ಡಾಕ್ಟರಿಗೆ ಹೇಳು, ಮುಚ್ಚಿಡಬೇಡ. ಮುಚ್ಚಿಡುವುದು ನಮ್ಮ ಮನೆತನದ ಕಸುಬು.

ಇನ್ನೂ ಏನೋ ಹೇಳುವುದಿತ್ತು... ಅರೆ, ಬೆಳಕು ಇಳಿದೇಹೋಯಿತು. ಅಕ್ಷರಗಳು ಒಂದರ ಮೇಲೊಂದು ಹತ್ತುತ್ತಿವೆ. ಇಲ್ಲಿಗೆ ನಿಲ್ಲಿಸುತ್ತೇನೆ.

ನಿನ್ನ,
ಅಪ್ಪ

ತಾ.ಕ.: ದೀಪ ಹಾಕಿಕೊಂಡು ಬರೆಯುತ್ತಿದ್ದೇನೆ. ಉತ್ತರ ಬರಬೇಕು ಎಂದದ್ದು ಸುಳ್ಳು. ನಿನ್ನೆಯೇ ಬಂತು. ಕಿಡ್ನಿ ಅರ್ಧಕ್ಕೂ ಕಡಿಮೆ ಕೆಲಸ ಮಾಡುತ್ತಿದೆಯಂತೆ. ಇದನ್ನು ಓದಿದ ಕೂಡಲೇ ಬಸ್ಸು ಹತ್ತಿ ಇಲ್ಲಿಗೆ ಓಡಿ ಬರಬೇಡ. ಮೊದಲು ನಿನ್ನ ರಕ್ತ ಪರೀಕ್ಷೆಗೆ ಕೊಡು. ಆಮೇಲೆ ಬಂದು ಎಷ್ಟು ಬೇಕಾದರೂ ಬೈ.